ಉಂಗುರವೋ, ಡಿ-ಆಮ್ಲವೋ, ಕೊಬ್ಬಿನ ಬಾಲವೋ: ಔಷಧಿ ಹೊರುವ ಪೆಪ್ಟೈಡ್ ಆರಿಸಿಕೊಳ್ಳುವ ಬಗೆ

“ಸರ್, ರಿಂಗ್ ಮಾಡೂಣೇನ್ರಿ, ಇಲ್ಲಾ ಡಿ ಹಾಕೂಣೇನ್ರಿ?”

ಒಂದೇ ತಿಂಗಳಲ್ಲಿ ಮೂರು ಮಂದಿ ಈ ಪ್ರಶ್ನೆ ಹೊತ್ತುಕೊಂಡು ಧಾರವಾಡದ ಸಾಧನಕೇರಿಯ ನಮ್ಮ ಮನೆಗೆ ಬಂದರು. ಮೊದಲನೆಯವಳು ಹುಬ್ಬಳ್ಳಿಯ ಎಂ.ಫಾರ್ಮ್ ವಿದ್ಯಾರ್ಥಿನಿ, ಚಿಗರಿ ಬಸ್ಸಿನಲ್ಲಿ ಬಂದವಳು. ಅವಳ ಕೈಯಲ್ಲಿ ಆರು ತಿಂಗಳಿದೆ, ದುಡ್ಡು ಮಾತ್ರ ಕಾಲೇಜು ಕೊಟ್ಟಷ್ಟೇ. ಎರಡನೆಯವನು ಗದಗ ಕಡೆಯ ಹುಡುಗ, ಪಿಎಚ್‌ಡಿ ಎರಡನೇ ವರ್ಷ, ಸ್ತನ ಕ್ಯಾನ್ಸರಿನ ಗಡ್ಡೆಗೆ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧಿ ಮುಟ್ಟಿಸುತ್ತೇನೆ ಎಂದು ಹೊರಟಿದ್ದಾನೆ. ಮೂರನೆಯವರು ಹಾವೇರಿಯವರು, ಹುಬ್ಬಳ್ಳಿಯಲ್ಲಿ ಸಣ್ಣದೊಂದು ಕಂಪನಿ ಕಟ್ಟಿದ್ದಾರೆ. ರುಮಟಾಯ್ಡ್ ಸಂಧಿವಾತದವರಿಗೆ ವಾರಕ್ಕೊಂದು ಸೂಜಿ ಸಾಕಾಗುವಂಥದ್ದು ಅವರಿಗೆ ಬೇಕು. ರಕ್ತದಲ್ಲಿ ಮುರಿಯದೆ, ರೋಗ ಇದ್ದಲ್ಲಿಗೆ ಹೋಗಿ ಔಷಧಿ ಇಳಿಸುವ ಪೆಪ್ಟೈಡ್ ಮೂವರಿಗೂ ಬೇಕಾಗಿತ್ತು. ಪೆಪ್ಟೈಡ್ ಎಂದರೆ ಅಮೈನೊ ಆಮ್ಲಗಳನ್ನು ಪೋಣಿಸಿದ ಸಣ್ಣ ಸರಪಳಿ. ಅದನ್ನು ಬಾಗಿಸಿ ಉಂಗುರ ಮಾಡುವುದು ರಿಂಗ್, ಅದರೊಳಗೆ ಅಮೈನೊ ಆಮ್ಲದ ಕನ್ನಡಿ ರೂಪ ಇಡುವುದು ಡಿ. ನಾನು ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಎಂಬುದನ್ನು ಬರೆದಿಟ್ಟರೆ ನಾಲ್ಕನೆಯವರು ಬಂದಾಗ ಚಹಾ ಕುಡಿಯುತ್ತ ಬೇರೆ ಏನಾದರೂ ಮಾತಾಡಬಹುದು.

ಕೊಡಕ್ಕೆ ಎರಡು ತೂತು

“ಸ್ಟೇಬಲ್ ಮಾಡಬೇಕು” ಎಂದು ಎಲ್ಲರೂ ಹೇಳುತ್ತಾರೆ. ಯಾವುದರಿಂದ ಕಾಪಾಡಬೇಕು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ರಕ್ತಕ್ಕೆ ಬಿದ್ದ ಪೆಪ್ಟೈಡ್ ಎರಡು ತೂತಿನ ಕೊಡದ ನೀರಿದ್ದಂತೆ. ಒಂದು ತೂತು ಕಿಣ್ವಗಳದ್ದು, ಅವು ಸರಪಳಿಯನ್ನು ಕತ್ತರಿಸುತ್ತವೆ. ಇನ್ನೊಂದು ಮೂತ್ರಪಿಂಡದ್ದು, ಅದು ಕತ್ತರಿಸುವ ತಂಟೆಗೇ ಹೋಗದೆ ಇಡಿಯಾಗಿ ಸೋಸಿ ಹೊರಗೆ ಬಿಡುತ್ತದೆ. ಹತ್ತು ಹನ್ನೆರಡು ಅಮೈನೊ ಆಮ್ಲದ ಪೆಪ್ಟೈಡ್ ಸಾವಿರದಿಂದ ಸಾವಿರದೈನೂರು ಡಾಲ್ಟನ್ (ಅಣುವಿನ ತೂಕದ ಅಳತೆ) ತೂಗುತ್ತದೆ, ರಕ್ತದ ಆಲ್ಬುಮಿನ್ ಎಂಬ ಪ್ರೋಟೀನು ಸುಮಾರು 66,500. ಆಲ್ಬುಮಿನ್ ಆ ಜರಡಿಯಲ್ಲಿ ನಿಲ್ಲುತ್ತದೆ, ನಮ್ಮದು ಜಾರಿ ಹೋಗುತ್ತದೆ.

ಉಂಗುರ ಮಾಡಿದರೆ ಮೊದಲ ತೂತು ಮುಚ್ಚುತ್ತದೆ, ಎರಡನೆಯದಕ್ಕೆ ಏನೂ ಆಗುವುದಿಲ್ಲ. “ಸೀರಮ್‌ನೊಳಗ 24 ತಾಸು ಗಟ್ಟಿ ಇತ್ತರಿ, ಇಲಿಯೊಳಗ ಅರ್ಧ ತಾಸಿಗೆ ಮಾಯ” ಎಂದು ಹಲುಬುವವರು ಹೆಚ್ಚಾಗಿ ಈ ತಪ್ಪು ಮಾಡಿದವರು. ಸೀರಮ್ ಎಂದರೆ ಹೆಪ್ಪುಗಟ್ಟಿದ ರಕ್ತದ ತಿಳಿ, ಅದನ್ನಿಟ್ಟ ಟ್ಯೂಬಿನಲ್ಲಿ ಮೂತ್ರಪಿಂಡ ಇರುವುದಿಲ್ಲವಲ್ಲ.

ಆದ್ದರಿಂದ ಆಯ್ಕೆಗೆ ಕೂರುವ ಮೊದಲು ಐದು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ನಿಮ್ಮ ಸರಪಳಿಗೆ ಕತ್ತರಿ ಬೀಳುವುದು ತುದಿಯಲ್ಲೋ, ನಡುವೆಯೋ? ರಕ್ತದಲ್ಲಿ ಎಷ್ಟು ಹೊತ್ತು ಇರಬೇಕು: ಒಂದು ತಾಸು, ಒಂದು ದಿನ, ಒಂದು ವಾರ? ಗುರಿಯನ್ನು ಹಿಡಿಯುವ ಕೆಲಸ ಯಾವ ಯಾವ ಅಮೈನೊ ಆಮ್ಲದ್ದು, ಅಂದರೆ ಯಾವುದನ್ನು ಮುಟ್ಟಲೇಬಾರದು? ಔಷಧಿಯನ್ನು ಎಲ್ಲಿ ಕಟ್ಟುತ್ತೀರಿ, ಅದು ಎಲ್ಲಿ ಬಿಚ್ಚಿಕೊಳ್ಳಬೇಕು? ಕೊನೆಯದು ದುಡ್ಡು, ಕೈಚಳಕ, ಹತ್ತಿರ ಸಿಗುವ ಉಪಕರಣ. ಕೊನೆಯದನ್ನು ಯಾವ ಪ್ರಬಂಧವೂ ಬರೆಯುವುದಿಲ್ಲ, ಆದರೆ ಅರ್ಧ ನಿರ್ಧಾರ ಅಲ್ಲೇ ಆಗುತ್ತದೆ.

ಎರಡನೆಯ ಪ್ರಶ್ನೆಗೆ “ಎಷ್ಟು ಹೆಚ್ಚೋ ಅಷ್ಟು ಒಳ್ಳೇದು” ಎಂದು ಬರೆಯಬೇಡಿ. ಲುಟೀಷಿಯಮ್-177 ಹೊತ್ತ ಡೋಟಾಟೇಟ್ ನೋಡಿ, ಅಮೆರಿಕದಲ್ಲಿ 2018ರ ಜನವರಿಯಲ್ಲಿ ಅನುಮತಿ ಸಿಕ್ಕಿತು. ಸೊಮಾಟೊಸ್ಟಾಟಿನ್ ಹಾರ್ಮೋನನ್ನು ಹಿಡಿಯುವ ರಿಸೆಪ್ಟರ್ ಇರುವ ನ್ಯೂರೊಎಂಡೊಕ್ರೈನ್ ಗಡ್ಡೆಗಳಿಗೆ ವಿಕಿರಣವನ್ನು ಹೊತ್ತೊಯ್ಯುವ ಎಂಟು ಅಮೈನೊ ಆಮ್ಲದ ಪೆಪ್ಟೈಡ್ ಅದು. ಗಡ್ಡೆಗೆ ಅಂಟಿದ್ದು ಅಲ್ಲೇ ಒಳಗೆ ಹೋಗಿ ಕೂರಬೇಕು, ಅಂಟದೆ ಉಳಿದದ್ದು ಬೇಗ ಮೈಬಿಟ್ಟು ಹೋಗಬೇಕು. ಇಲ್ಲದಿದ್ದರೆ ಮೂಳೆಮಜ್ಜೆಗೆ ವಿಕಿರಣ ಬೀಳುತ್ತದೆ. ಅಲ್ಲಿ ಮೂತ್ರಪಿಂಡದ ತೂತು ವರವೇ, ಮೂತ್ರಪಿಂಡಕ್ಕೇ ಹಾನಿಯಾಗದಿರಲಿ ಎಂದು ಜೊತೆಗೆ ಅಮೈನೊ ಆಮ್ಲದ ದ್ರಾವಣ ಹನಿಸುತ್ತಾರೆ. ಅದೇ ಮಧುಮೇಹದ ಔಷಧಿ ಸೆಮಾಗ್ಲುಟೈಡ್ ವಾರಕ್ಕೊಮ್ಮೆ ಚುಚ್ಚುವಂಥದ್ದು, ಅದು ವಾರವಿಡೀ ಸುತ್ತುತ್ತಲೇ ಇರಬೇಕು. ಎರಡೂ ಪೆಪ್ಟೈಡೇ, ಎರಡೂ ಗೆದ್ದವೇ, ಆದರೆ ಬೇಕಾದ ಬಾಳಿಕೆ ಒಂದರದ್ದು ಇನ್ನೊಂದಕ್ಕೆ ತಿರುಗುಮುರುಗು. ಅದೇ ದಿನ ಉಣ್ಣುವುದಾದರೆ ಮೆತ್ತನ್ನ ರೊಟ್ಟಿ, ಊರಿಗೆ ಕಟ್ಟಿಕೊಂಡು ಹೋಗುವುದಾದರೆ ಕಟಕ ರೊಟ್ಟಿ.

ಮೊದಲು ಈ ಒಂದು ದಿನದ ಕೆಲಸ

ಯಾವ ಬದಲಾವಣೆಯನ್ನೂ ಮಾಡದ ಮೂಲ ಪೆಪ್ಟೈಡನ್ನು 37 ಡಿಗ್ರಿಯಲ್ಲಿ ಸೀರಮ್‌ನೊಳಗೆ ಇಡಿ. ಸೊನ್ನೆ ನಿಮಿಷ, 15, 30, ಆಮೇಲೆ 1, 2, 4, 8, 24 ತಾಸಿಗೆ ಸ್ವಲ್ಪ ಸ್ವಲ್ಪ ತೆಗೆದು ತಣ್ಣನೆಯ ಅಸಿಟೊನೈಟ್ರೈಲ್‌ಗೆ ಹಾಕಿ. ಪ್ರೋಟೀನು ಒಡೆದ ಹಾಲಿನಂತೆ ಬೆಳ್ಳಗೆ ಗಡ್ಡೆ ಕಟ್ಟುತ್ತದೆ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು, ಮಿಶ್ರಣವನ್ನು ಬಿಡಿಸಿ ತೋರಿಸುವ ಯಂತ್ರವಾದ ಎಚ್‌ಪಿಎಲ್‌ಸಿಗೆ ಕೊಡಿ. ತುಂಡುಗಳ ತೂಕವನ್ನು ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡಿದರೆ ಕತ್ತರಿ ಎಲ್ಲಿ ಬಿತ್ತು ಎಂದು ಗೊತ್ತಾಗುತ್ತದೆ. ಧಾರವಾಡದಲ್ಲಿದ್ದವರು ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರಕ್ಕೆ ಮೊದಲು ಫೋನ್ ಮಾಡಿ, ಸದ್ಯಕ್ಕೆ ಯಾವ ಯಂತ್ರ ನಡೆಯುತ್ತಿದೆ, ಸರದಿ ಎಷ್ಟು ಉದ್ದ ಇದೆ ಎಂದು ಕೇಳಿಯೇ ಪ್ರಯೋಗದ ದಿನ ಗೊತ್ತು ಮಾಡಿ. ಮಾನವ ಸೀರಮ್ ಬೇಕಾದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅದಕ್ಕೆ ಪ್ರಯೋಗಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ.

ಇಲ್ಲಿ ನಾನು ಬಿದ್ದ ಗುಂಡಿಯೊಂದಿದೆ. ಬಹಳ ವರ್ಷದ ಹಿಂದೆ, ಸೀರಮ್ ಸಿಗಲಿಲ್ಲ ಎಂದು ನೇರಳೆ ಮುಚ್ಚಳದ ಟ್ಯೂಬಿನ ಪ್ಲಾಸ್ಮಾ ಬಳಸಿದೆ. 24 ತಾಸಾದರೂ ಪೆಪ್ಟೈಡ್ ಅಲ್ಲಾಡಲಿಲ್ಲ. ಲೈನ್ ಬಜಾರಿನಿಂದ ಪೇಡೆ ತಂದು ಇಡೀ ಲ್ಯಾಬಿಗೆ ಹಂಚಿದ್ದಾಯಿತು. ವಾರದ ಮೇಲೆ ಹೆಪಾರಿನ್ ಟ್ಯೂಬಿನಲ್ಲಿ ಮಾಡಿದರೆ ಒಂದು ತಾಸಿಗೆ ಎಲ್ಲ ಖಲಾಸ್. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಇರುತ್ತದೆ, ಅದು ಸತು, ಕ್ಯಾಲ್ಸಿಯಂ ಕಸಿದುಕೊಂಡು ಲೋಹ ಬೇಕಾಗುವ ಕಿಣ್ವಗಳ ಬಾಯಿ ಕಟ್ಟುತ್ತದೆ. ನನ್ನ ಪೆಪ್ಟೈಡನ್ನು ತುದಿಯಿಂದ ತಿನ್ನುತ್ತಿದ್ದದ್ದು ಅಂಥದೇ ಒಂದು ಅಮೈನೊಪೆಪ್ಟಿಡೇಸ್. ಕೋಶ ಬೆಳೆಸಲು ತಂದಿಟ್ಟ, ಕಾಯಿಸಿ ಮಂದ ಮಾಡಿದ ಕರುವಿನ ಸೀರಮ್ ಬಳಸುವವರೂ ಇದೇ ದಾರಿಯ ಪ್ರಯಾಣಿಕರು. ಪೇಡೆಯನ್ನು ಸ್ವಲ್ಪ ತಡವಾಗಿ ತನ್ನಿ.

ತುದಿ ಮುಚ್ಚುವುದು

ಕತ್ತರಿ ತುದಿಯಲ್ಲಿ ಬಿದ್ದಿದೆ ಎಂದು ಗೊತ್ತಾದರೆ ಮುಂದಕ್ಕೆ ಓದುವ ಮೊದಲು ಇದನ್ನು ಮಾಡಿ. ಒಂದು ತುದಿಗೆ ಅಸಿಟೈಲ್, ಇನ್ನೊಂದು ತುದಿಗೆ ಅಮೈಡ್. ಪೆಪ್ಟೈಡನ್ನು ರಿಂಕ್ ಅಮೈಡ್ ರೆಸಿನ್ ಎಂಬ ಮಣಿಗಳ ಮೇಲೆ ಕಟ್ಟಿದರೆ ಅಮೈಡ್ ತಾನಾಗಿ ಬರುತ್ತದೆ, ಕೊನೆಯಲ್ಲಿ ಅಸಿಟಿಕ್ ಅನ್‌ಹೈಡ್ರೈಡ್ ಹಾಕಿದರೆ ಅಸಿಟೈಲ್. ಖರ್ಚು ಹೆಚ್ಚೂಕಡಿಮೆ ಏನೂ ಇಲ್ಲ. ಕೊರತೆ ಒಂದೇ: ಹಿಡಿತಕ್ಕೆ ತುದಿಯ ಧನ ಆವೇಶವೇ ಬೇಕಾಗಿದ್ದರೆ ಪೆಪ್ಟೈಡ್ ಕುರುಡಾಗುತ್ತದೆ. ನಡುವೆ ಲೈಸಿನ್, ಆರ್ಜಿನಿನ್ ಇದ್ದು ಟ್ರಿಪ್ಸಿನ್ ಜಾತಿಯ ಕಿಣ್ವ ಅಲ್ಲಿಗೆ ಬಾಯಿ ಹಾಕಿದ್ದರೆ ತುದಿ ಮುಚ್ಚಿ ಉಪಯೋಗವಿಲ್ಲ.

ಡಿ-ಆಮ್ಲ ಮತ್ತು ಅದರ ನಂಟರು

ಕಿಣ್ವದ ಬಾಯಿ ಎಲ್-ಅಮೈನೊ ಆಮ್ಲಕ್ಕೆ ಅಳತೆ ಮಾಡಿ ಹೊಲಿದದ್ದು. ಅದರ ಕನ್ನಡಿ ರೂಪವಾದ ಡಿ-ಆಮ್ಲವನ್ನು ಕತ್ತರಿ ಬೀಳುವ ಜಾಗದಲ್ಲಿ ಇಟ್ಟರೆ ಕಚ್ಚಲು ಆಗುವುದಿಲ್ಲ. ಸೊಮಾಟೊಸ್ಟಾಟಿನ್ 14 ಅಮೈನೊ ಆಮ್ಲದ ಹಾರ್ಮೋನು, ರಕ್ತದಲ್ಲಿ ಎರಡು ಮೂರು ನಿಮಿಷಕ್ಕೆ ಅರ್ಧ ಹೋಗುತ್ತದೆ. ಅದನ್ನು ಎಂಟಕ್ಕೆ ಇಳಿಸಿ, ಮೊದಲನೆಯ ಜಾಗದಲ್ಲಿ ಡಿ-ಫಿನೈಲ್ಅಲನಿನ್, ನಾಲ್ಕನೆಯದರಲ್ಲಿ ಡಿ-ಟ್ರಿಪ್ಟೊಫಾನ್ ಇಟ್ಟು, ಎರಡು ಸಿಸ್ಟೀನ್ ಸೇರಿಸಿ ಉಂಗುರ ಮಾಡಿ, ಕೊನೆಯ ತುದಿಯನ್ನು ಆಲ್ಕೊಹಾಲ್ ಮಾಡಿದರು. ಅದೇ ಆಕ್ಟ್ರಿಯೊಟೈಡ್, ಅರ್ಧಾಯು, ಅಂದರೆ ಅರ್ಧ ಹೋಗಲು ಹಿಡಿಯುವ ಹೊತ್ತು, ಒಂದೂವರೆ ತಾಸಿನ ಮೇಲೆ. ಒಂದೇ ಪುಟ್ಟ ಅಣುವಿನಲ್ಲಿ ಮೂರು ಉಪಾಯ, ಮೂರೂ ಕಿಣ್ವದ ತೂತಿಗೇ. ಮೇಲೆ ಹೇಳಿದ ಡೋಟಾಟೇಟ್ ಇದರದೇ ತಮ್ಮ.

ಮಾಮೂಲಿ ಡಿ-ಆಮ್ಲಗಳು ಎಲ್‌ಗಿಂತ ತುಟ್ಟಿ ಆದರೂ ಕೈಗೆಟಕುವಂಥವು, ಕಪ್ಲಿಂಗ್, ಅಂದರೆ ಸರಪಳಿಗೆ ಒಂದೊಂದೇ ಆಮ್ಲ ಜೋಡಿಸುವುದು, ಕೂಡ ಹಾಗೇ ಆಗುತ್ತದೆ. ತೊಂದರೆ ಆಕಾರದ್ದು. 1963ರಲ್ಲಿ ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಜೊತೆಗಾರರು ಬರೆದ ನಕ್ಷೆಯನ್ನು ಪಠ್ಯಪುಸ್ತಕದಲ್ಲಿ ಎಲ್ಲರೂ ನೋಡಿದ್ದೀರಿ. ಸರಪಳಿ ಯಾವ ಕೋನಗಳಲ್ಲಿ ಬಾಗಬಲ್ಲದು ಎಂಬುದರ ನಕ್ಷೆ ಅದು. ಡಿ-ಆಮ್ಲದ ನಕ್ಷೆ ಅದನ್ನೇ ಪೂರಾ ತಿರುಗಿಸಿ ಇಟ್ಟ ಹಾಗಿರುತ್ತದೆ. ಹಾಗಾಗಿ ತಿರುವಿನಲ್ಲಿ ಡಿ ಇಟ್ಟರೆ ತಿರುವು ಗಟ್ಟಿಯಾಗುತ್ತದೆ, ಸುರುಳಿಯ ನಟ್ಟನಡುವೆ ಇಟ್ಟರೆ ಸುರುಳಿ ಮುರಿಯುತ್ತದೆ. ಪರೀಕ್ಷೆಗೆ ಓದಿ ಮರೆತ ಆ ನಕ್ಷೆ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ.

ಸುರುಳಿ ಉಳಿಯಬೇಕಾದರೆ ಡಿ ಬಿಟ್ಟು ಎಐಬಿ ನೋಡಿ. ಅಲನಿನ್‌ಗೆ ಇನ್ನೊಂದು ಮೀಥೈಲ್ ಸೇರಿಸಿದ್ದು ಅದು, ಪೂರ್ತಿ ಹೆಸರು ಆಲ್ಫಾ-ಅಮೈನೊಐಸೊಬ್ಯುಟಿರಿಕ್ ಆಮ್ಲ. ಎರಡೂ ಕಡೆ ಮೀಥೈಲ್ ಒತ್ತಿಕೊಂಡಿರುವುದರಿಂದ ಸುರುಳಿಯಾಗದೆ ಬೇರೆ ದಾರಿ ಅದಕ್ಕೆ ಕಡಿಮೆ, ಕಿಣ್ವಕ್ಕೂ ಹತ್ತಿರ ಬರಲು ಜಾಗವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಮ್ ಅವರ ಗುಂಪು ಎಐಬಿ ಇರುವ ಪೆಪ್ಟೈಡುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಜಿಎಲ್‌ಪಿ-1 ಹಾರ್ಮೋನಿನ ಅರ್ಧಾಯು ಎರಡು ನಿಮಿಷ, ಯಾಕೆಂದರೆ ಡಿಪಿಪಿ-4 ಎಂಬ ಕಿಣ್ವ ಎರಡನೆಯ ಅಮೈನೊ ಆಮ್ಲವಾದ ಅಲನಿನ್ ಆದ ಕೂಡಲೇ ಕತ್ತರಿಸುತ್ತದೆ. ಇದೇ ಹಾರ್ಮೋನಿನ ಮೇಲೆ ಕಟ್ಟಿದ ಸೆಮಾಗ್ಲುಟೈಡ್‌ನಲ್ಲಿ ಆ ಒಂದು ಅಲನಿನ್ ಜಾಗಕ್ಕೆ ಬಂದು ಕೂತಿರುವುದು ಇದೇ ಎಐಬಿ.

ಇಡೀ ಸರಪಳಿಯನ್ನೇ ಡಿ ಮಾಡಿ ಕ್ರಮ ಉಲ್ಟಾ ಬರೆಯುವ ರೆಟ್ರೊ-ಇನ್ವರ್ಸೊ ಎಂಬ ಆಸೆಯ ಬಗ್ಗೆ ಒಂದು ಮಾತು. ಪಕ್ಕದ ಕವಲುಗಳಷ್ಟೇ ಗುರಿಯನ್ನು ಹಿಡಿಯುವ ಸಣ್ಣ ನೆಟ್ಟನೆಯ ಪೆಪ್ಟೈಡಿನಲ್ಲಿ ಕೆಲವೊಮ್ಮೆ ನಡೆಯುತ್ತದೆ. ಸುರುಳಿಯಾಗಿ ಹಿಡಿಯುವುದರಲ್ಲಿ ಹೆಚ್ಚಾಗಿ ನಡೆಯುವುದಿಲ್ಲ. ಒಂದನ್ನು ಮಾಡಿ ನೋಡಿ, ಇಡೀ ಪ್ರಬಂಧವನ್ನು ಅದರ ಮೇಲೆ ಕಟ್ಟಬೇಡಿ.

ಉಂಗುರ

ತಲೆಗೆ ಬಾಲ ಜೋಡಿಸಿದ ಉಂಗುರಕ್ಕೆ ತುದಿಯೇ ಇಲ್ಲ, ತುದಿಯಿಂದ ತಿನ್ನುವ ಕಿಣ್ವಕ್ಕೆ ಕೆಲಸವಿಲ್ಲ. ನಡುವೆ ಕತ್ತರಿಸುವ ಕಿಣ್ವಕ್ಕೂ ಸರಪಳಿ ನೆಟ್ಟಗೆ ಚಾಚಿಕೊಂಡು ಬೇಕು, ಉಂಗುರ ಚಾಚಿಕೊಳ್ಳುವುದಿಲ್ಲ. ಇನ್ನೊಂದು ಲಾಭವೂ ಇದೆ. ಅಲ್ಲಾಡುವ ಸರಪಳಿ ಗುರಿಗೆ ಹೊಂದುವ ಭಂಗಿಗೆ ಬರಲು ಶಕ್ತಿ ವ್ಯಯಿಸಬೇಕು, ಉಂಗುರ ಮೊದಲೇ ಆ ಭಂಗಿಯಲ್ಲಿದ್ದರೆ ಹಿಡಿತವೂ ಬಿಗಿಯಾಗುತ್ತದೆ. ಆ ಭಂಗಿ ತಪ್ಪಾಗಿದ್ದರೆ ತಪ್ಪಿನಲ್ಲೇ ಬೀಗ ಬೀಳುತ್ತದೆ, ಅದೂ ನೆನಪಿರಲಿ.

ಅಗ್ಗದ ಉಂಗುರ ಡೈಸಲ್ಫೈಡ್, ಎರಡು ಗಂಧಕ ಕೈ ಹಿಡಿಯುವುದು. ಎರಡು ಸಿಸ್ಟೀನ್ ಇಟ್ಟು, ಪಿಎಚ್ 8ರ ಹತ್ತಿರ ತೀರ ತೆಳುವಾಗಿ ಕರಗಿಸಿ ರಾತ್ರಿಯಿಡೀ ಗಾಳಿಗೆ ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಒಂದು ಹನಿಗೆ ಎಲ್‌ಮನ್ ರಿಯೇಜೆಂಟ್ ಹಾಕಿ ನೋಡಿ, ಹಳದಿ ಬಂದರೆ ಇನ್ನೂ ತೆರೆದಿದೆ, ಬಣ್ಣ ಬರದಿದ್ದರೆ ಮುಚ್ಚಿದೆ. ತೂಕದಲ್ಲಿ 2 ಡಾಲ್ಟನ್ ಇಳಿದಿರಬೇಕು. ಬಣ್ಣ ಬರಲಿಲ್ಲ ಎಂದಷ್ಟಕ್ಕೇ ನಂಬಬೇಡಿ, ಎರಡು ಸರಪಳಿ ಪರಸ್ಪರ ಕೈ ಹಿಡಿದು ಜೋಡಿಯಾದರೂ ಬಣ್ಣ ಬರುವುದಿಲ್ಲ. ಈ ಉಂಗುರ ರಕ್ತದಲ್ಲಿ ಸಾಕಷ್ಟು ನಿಲ್ಲುತ್ತದೆ, ಕೋಶದೊಳಗೆ ಗಂಧಕದ ಬಂಧ ಬಿಚ್ಚುವ ಗ್ಲುಟಾಥಯೋನ್ ಹೇರಳ ಇರುವುದರಿಂದ ಅಲ್ಲಿ ತೆರೆದುಕೊಳ್ಳುತ್ತದೆ. ಒಳಗೆ ಹೋದ ಮೇಲೂ ಉಂಗುರ ಬೇಕೇ ಬೇಕು ಎನ್ನುವವರು ಥಯೊಈಥರ್ ಅಥವಾ ಅಮೈಡ್ ಉಂಗುರ ಹಿಡಿಯಬೇಕು.

ತಲೆಗೆ ಬಾಲ ಜೋಡಿಸುವ ಅಮೈಡ್ ಉಂಗುರ ಕೈ ಪಳಗಿದವರ ಕೆಲಸ. ಗಡ್ಡೆಯ ಹೊಸ ರಕ್ತನಾಳಗಳ ಇಂಟಿಗ್ರಿನ್ ಎಂಬ ಪ್ರೋಟೀನನ್ನು ಹಿಡಿಯುವ ಆರ್ಜಿನಿನ್-ಗ್ಲೈಸಿನ್-ಆಸ್ಪಾರ್ಟಿಕ್ ಆಮ್ಲ ಎಂಬ ಮೂರಕ್ಷರ 1984ರಲ್ಲಿ ಗೊತ್ತಾಯಿತು. ಅದಕ್ಕೆ ಡಿ-ಫಿನೈಲ್ಅಲನಿನ್ ಮತ್ತು ಲೈಸಿನ್ ಸೇರಿಸಿದ ಐದರ ಉಂಗುರ ಇವತ್ತು ಎಲ್ಲ ಕಡೆ ಬಳಕೆಯಲ್ಲಿದೆ, ಲೈಸಿನ್ ಇರುವುದೇ ಔಷಧಿ ಕಟ್ಟಲು. ಮುಚ್ಚುವ ಜಾಗವನ್ನು ಗ್ಲೈಸಿನ್ ಮತ್ತು ಆಸ್ಪಾರ್ಟಿಕ್ ಆಮ್ಲದ ನಡುವೆ ಇಟ್ಟುಕೊಳ್ಳಿ, ಗ್ಲೈಸಿನ್‌ಗೆ ಎಡಬಲ ಇಲ್ಲದ್ದರಿಂದ ಕಪ್ಲಿಂಗ್ ಹೊತ್ತಿಗೆ ಕನ್ನಡಿ ರೂಪಕ್ಕೆ ಹೊರಳುವ ಭಯವಿಲ್ಲ. ಸಾಂದ್ರತೆ ಒಂದು ಮಿಲಿಮೋಲಾರ್ ಮೀರಬಾರದು, ಇನ್ನೂ ತೆಳುವಾದರೆ ಒಳ್ಳೆಯದು. ಮುಚ್ಚಿದರೆ 18 ಡಾಲ್ಟನ್ ಇಳಿಯುತ್ತದೆ. ಮೊದಲ ಸಲ ಆಗುವುದಿಲ್ಲ, ಆಗದಿದ್ದಕ್ಕೆ ಅಳಬೇಡಿ.

ಉಂಗುರ ಚೆನ್ನಾಗಿದ್ದರೆ ಔಷಧಿ ಗೆದ್ದ ಹಾಗಲ್ಲ. ಇದೇ ಮೂರಕ್ಷರದ ಮೇಲೆ ಒಂದು ಎನ್-ಮೀಥೈಲ್ ಸೇರಿಸಿ ಮಾಡಿದ ಸಿಲೆಂಗಿಟೈಡ್ ರಸಾಯನದ ದೃಷ್ಟಿಯಿಂದ ಅಂದವಾದ ಅಣು. ಮೆದುಳಿನ ಗ್ಲಿಯೊಬ್ಲಾಸ್ಟೊಮಾದ ಮೂರನೇ ಹಂತದ ಪರೀಕ್ಷೆಯಲ್ಲಿ ಅದು ರೋಗಿಗಳ ಆಯುಸ್ಸು ಹೆಚ್ಚಿಸಲಿಲ್ಲ, ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಬಾಳಿಕೆ ಎಂಬುದು ಬಾಗಿಲ ತನಕ ಮುಟ್ಟಿಸುವ ಗಾಡಿ ಅಷ್ಟೇ.

ಸ್ಟೇಪಲ್

ಸುರುಳಿಯ ಎರಡು ಸುತ್ತುಗಳಿಗೆ ಪಿನ್ನು ಹೊಡೆದ ಹಾಗೆ ಹೈಡ್ರೊಕಾರ್ಬನ್ ಸೇತುವೆ ಹಾಕುವುದು. 2000ದಿಂದ ಈಚೆಗೆ ಬಂದ ಉಪಾಯ. ಕೋಶದ ಒಳಗಿನ ಪ್ರೋಟೀನನ್ನು ಸುರುಳಿಯಾಗಿಯೇ ಹಿಡಿಯಬೇಕಾದಾಗ ಇದಕ್ಕೆ ಸಾಟಿ ಇಲ್ಲ. ಬೇರೆ ಕಡೆ ಬೇಡ. ಅದಕ್ಕೆ ಬೇಕಾದ ವಿಶೇಷ ಅಮೈನೊ ಆಮ್ಲಗಳ ದರ ನೋಡಿದರೆ ಎದೆ ಝಲ್ ಎನ್ನುತ್ತದೆ, ಜೊತೆಗೆ ರುಥೇನಿಯಮ್ ವೇಗವರ್ಧಕ ಬೇರೆ. ಜಿಡ್ಡು ಹೆಚ್ಚಿ, ಮೇಲೆ ಧನ ಆವೇಶವೂ ಇದ್ದರೆ ಪೆಪ್ಟೈಡ್ ಕೋಶದ ಪೊರೆಯನ್ನೇ ಹರಿದು ಕೋಶ ಸಾಯಿಸುತ್ತದೆ, ನಾವು ಗುರಿಗೆ ತಾಗಿತು ಎಂದು ಹಿಗ್ಗುತ್ತೇವೆ. ದುಡ್ಡಿಲ್ಲದವರಿಗೆ ನಾಲ್ಕು ಹೆಜ್ಜೆ ದೂರದ ಲೈಸಿನ್ ಮತ್ತು ಗ್ಲುಟಮಿಕ್ ಆಮ್ಲಗಳನ್ನು ಅಮೈಡಿನಿಂದ ಜೋಡಿಸುವ ಲ್ಯಾಕ್ಟಮ್ ಸೇತುವೆ ಇದೆ, ಮುಕ್ಕಾಲು ಕೆಲಸ ಅದರಲ್ಲೇ ಆಗುತ್ತದೆ.

ಬಾಲ ಕಟ್ಟುವುದು

ಇಲ್ಲಿಯವರೆಗಿನದೆಲ್ಲ ಮೊದಲ ತೂತಿಗೆ. ಎರಡನೆಯದಕ್ಕೆ ಒಳ್ಳೆಯ ಉಪಾಯ, ನನ್ನ ಲೆಕ್ಕದಲ್ಲಿ, ಕೊಬ್ಬಿನ ಬಾಲ. ಕೊಬ್ಬಿನ ಆಮ್ಲವನ್ನು ಹೊತ್ತು ತಿರುಗುವುದು ಆಲ್ಬುಮಿನ್‌ನ ದಿನನಿತ್ಯದ ಕೆಲಸ. ನಮ್ಮ ಪೆಪ್ಟೈಡಿಗೂ ಅಂಥ ಒಂದು ಬಾಲ ಕಟ್ಟಿದರೆ ಅದರ ಬೆನ್ನೇರಿ ಕೂರುತ್ತದೆ, ಜರಡಿಯಲ್ಲಿ ಜಾರುವುದಿಲ್ಲ. ಆಲ್ಬುಮಿನ್‌ನ ಅರ್ಧಾಯು ಸುಮಾರು 19 ದಿನ. ಜಿಎಲ್‌ಪಿ-1ರ ಇನ್ನೊಂದು ರೂಪವಾದ ಲಿರಾಗ್ಲುಟೈಡ್‌ಗೆ 16 ಇಂಗಾಲದ ಬಾಲ, ಅರ್ಧಾಯು 13 ತಾಸಿನಷ್ಟು, ದಿನಕ್ಕೊಂದು ಸೂಜಿ. ಸೆಮಾಗ್ಲುಟೈಡ್‌ಗೆ 18 ಇಂಗಾಲದ, ಎರಡೂ ತುದಿಯಲ್ಲಿ ಆಮ್ಲವಿರುವ ಬಾಲ, ನಡುವೆ ಉದ್ದನೆಯ ಕೊಂಡಿ, ಜೊತೆಗೆ ಆ ಎಐಬಿ. ಅರ್ಧಾಯು ಒಂದು ವಾರ. ಬಾಲ ಒಂದೇ ಗಟ್ಟಿ ಮಾಡಿ ಡಿಪಿಪಿ-4ರ ಕತ್ತರಿಯನ್ನು ಹಾಗೇ ಬಿಟ್ಟಿದ್ದರೆ ಇಷ್ಟು ಬರುತ್ತಿರಲಿಲ್ಲ. ಎರಡೂ ತೂತನ್ನು ಬೇರೆ ಬೇರೆ ಬಿರಡೆಯಿಂದ ಮುಚ್ಚಿದ್ದಾರೆ.

ಕೊಡಬೇಕಾದ ಬೆಲೆ ಎರಡು. ಆಲ್ಬುಮಿನ್‌ಗೆ ಅಂಟಿಕೊಂಡಷ್ಟು ಹೊತ್ತು ಪೆಪ್ಟೈಡಿನ ಕೈ ಕಟ್ಟಿರುತ್ತದೆ, ಗುರಿಯ ಮೇಲಿನ ಹಿಡಿತ ಟ್ಯೂಬಿನಲ್ಲಿ ಕಂಡದ್ದಕ್ಕಿಂತ ದುರ್ಬಲವಾಗಿ ಕಾಣುತ್ತದೆ. ಹಾಗಾಗಿ ಹಿಡಿತದ ಪರೀಕ್ಷೆಯನ್ನು ಆಲ್ಬುಮಿನ್ ಹಾಕಿಯೂ, ಹಾಕದೆಯೂ ಮಾಡಿ. ಎರಡನೆಯದು, ಜಿಡ್ಡಿನ ಬಾಲ ಇದ್ದದ್ದು ಎಚ್‌ಪಿಎಲ್‌ಸಿ ಕಾಲಮಿಗೆ ಅಂಟಿಕೊಂಡು ಹೊರಗೇ ಬರುವುದಿಲ್ಲ, ನೀರಿನಲ್ಲಿ ಗಂಟು ಕಟ್ಟುತ್ತದೆ. ಕೊಂಡಿಯಲ್ಲಿ ಗ್ಲುಟಮಿಕ್ ಆಮ್ಲ ಸೇರಿಸಿದರೆ ಸ್ವಲ್ಪ ಸುಧಾರಿಸುತ್ತದೆ.

ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಹಚ್ಚುವುದು ಹಳೆಯ ದಾರಿ. ದೊಡ್ಡ ಪಾಲಿಮರು ಜರಡಿಗೆ ಸಿಗುವುದಿಲ್ಲ, ನಿಜ. ಆದರೆ ಅದು ಗಡ್ಡೆಯೊಳಗೆ ನುಸುಳುವುದೂ ನಿಧಾನ, ಪೆಗ್ ವಿರುದ್ಧ ಪ್ರತಿಕಾಯ ಇರುವ ಜನರೂ ಇದ್ದಾರೆ. ಪೆಜಿನೆಸಟೈಡ್ ಎಂಬ ಪೆಗ್ ಹಚ್ಚಿದ ಪೆಪ್ಟೈಡ್ 2012ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದು, ತೀವ್ರ ಅಲರ್ಜಿಯ ಕಾರಣಕ್ಕೆ 2013ರಲ್ಲೇ ವಾಪಸು ಹೋಯಿತು. ಪೆಪ್ಟೈಡನ್ನು ಲಿಪೊಸೋಮಿನ, ಅಂದರೆ ಔಷಧಿ ತುಂಬಿದ ಕೊಬ್ಬಿನ ಗುಳ್ಳೆಯ, ಮೈಮೇಲೆ ನೆಡುವುದು ನಮ್ಮ ಫಾರ್ಮಸಿ ಕಾಲೇಜುಗಳಿಗೆ ಪ್ರಿಯವಾದ ಇನ್ನೊಂದು ದಾರಿ. ಒಂದರ ಹಿಡಿತ ದುರ್ಬಲವಾಗಿದ್ದರೂ ನೂರು ಸೇರಿ ಹಿಡಿಯುತ್ತವೆ, ಔಷಧಿಯೂ ಹೆಚ್ಚು ತುಂಬುತ್ತದೆ. ಆದರೆ ಆಗ ನೀವು ಆರಿಸಿದ್ದು ಪೆಪ್ಟೈಡಲ್ಲ, ಲಿಪೊಸೋಮು. ಅದರ ಕಷ್ಟಸುಖವೇ ಬೇರೆ.

ಕೊಂಡಿ: ಇದು ಮುರಿಯಲೇಬೇಕು

ಪೆಪ್ಟೈಡ್ ಗಟ್ಟಿಯಾಗಿರಬೇಕು ಎಂದು ಇಷ್ಟೆಲ್ಲ ಹೇಳಿದೆ. ಔಷಧಿಯನ್ನು ಅದಕ್ಕೆ ಕಟ್ಟಿದ ಕೊಂಡಿ ಮಾತ್ರ ಸರಿಯಾದ ಜಾಗದಲ್ಲಿ ಮುರಿಯಬೇಕು. ಡೈಸಲ್ಫೈಡ್ ಕೊಂಡಿ ಕೋಶದೊಳಗಿನ ಗ್ಲುಟಾಥಯೋನ್‌ಗೆ ಮುರಿಯುತ್ತದೆ, ಹೈಡ್ರಜೋನ್ ಕೋಶದೊಳಗಿನ ಹುಳಿ ಇರುವ ಚೀಲವಾದ ಎಂಡೊಸೋಮಿನಲ್ಲಿ. ಹೈಡ್ರಜೋನ್ ಡಾಕ್ಸೊರುಬಿಸಿನ್‌ಗೆ ಅನುಕೂಲ, ಅದರಲ್ಲಿ ಕೀಟೋನ್ ಸಿದ್ಧವಾಗಿಯೇ ಇದೆ, ಆದರೆ ರಕ್ತದಲ್ಲೂ ಮೆಲ್ಲಗೆ ಸೋರುತ್ತದೆ. ವ್ಯಾಲೀನ್-ಸಿಟ್ರುಲಿನ್ ಕೊಂಡಿಯನ್ನು ಕೋಶದ ಜೀರ್ಣಚೀಲವಾದ ಲೈಸೊಸೋಮಿನ ಕ್ಯಾಥೆಪ್ಸಿನ್ ಬಿ ಎಂಬ ಕಿಣ್ವ ಬಿಚ್ಚುತ್ತದೆ. ಮನುಷ್ಯರ ರಕ್ತದಲ್ಲಿ ಚೆನ್ನಾಗಿ ನಿಲ್ಲುವ ಈ ಕೊಂಡಿಯನ್ನು ಇಲಿಯ ರಕ್ತದ ಒಂದು ಕಾರ್ಬಾಕ್ಸಿಲ್‌ಎಸ್ಟರೇಸ್ ಕತ್ತರಿಸಿಹಾಕುತ್ತದೆ. ಇಲಿಯಲ್ಲಿ ಸೋತಿತು ಎಂದು ಒಳ್ಳೆಯ ಅಣುವನ್ನು ಕಸಕ್ಕೆ ಹಾಕಿದವರಿದ್ದಾರೆ.

ಎಸ್ಟರ್ ಕೊಂಡಿ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಸಡಿಲ. ಎಲ್‌ಎಚ್‌ಆರ್‌ಎಚ್ ಎಂಬ ಹಾರ್ಮೋನು ಪೆಪ್ಟೈಡಿನ ಆರನೆಯ ಜಾಗದಲ್ಲಿ ಡಿ-ಲೈಸಿನ್ ಇಟ್ಟು ಅದಕ್ಕೆ ಎಸ್ಟರ್ ಮೂಲಕ ಡಾಕ್ಸೊರುಬಿಸಿನ್ ಕಟ್ಟಿದ ಜಾಪ್ಟರೆಲಿನ್ ಡಾಕ್ಸೊರುಬಿಸಿನ್, 2017ರಲ್ಲಿ ಮೂರನೇ ಹಂತದಲ್ಲಿ ಬರೀ ಡಾಕ್ಸೊರುಬಿಸಿನ್‌ಗಿಂತ ಮೇಲೆನಿಸಲಿಲ್ಲ. ಸೋಲಿಗೆ ಕೊಂಡಿಯೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಅದರ ವಿನ್ಯಾಸವನ್ನೇ ನಕಲು ಮಾಡಿ ಬರುವ ವಿದ್ಯಾರ್ಥಿಗಳಿಗೆ ಮೊದಲು ಆ ಫಲಿತಾಂಶ ಓದಿ ಬಾ ಎನ್ನುತ್ತೇನೆ.

ಬಾಳಿಕೆಯೇ ಬೇಡವೆಂದು ಹೊರಟ ಅಣುವೂ ಇದೆ. ಮೆಲ್ಫಲಾನ್ ಫ್ಲುಫೆನಮೈಡ್ ಎಂಬ ಕ್ಯಾನ್ಸರ್ ಔಷಧಿಯನ್ನು ಕೋಶದೊಳಗಿನ ಅಮೈನೊಪೆಪ್ಟಿಡೇಸುಗಳು ಬೇಗ ಕತ್ತರಿಸಲಿ ಎಂದೇ ಮಾಡಿದ್ದು. 2021ರ ಫೆಬ್ರುವರಿಯಲ್ಲಿ ಅಮೆರಿಕದ ತ್ವರಿತ ಅನುಮತಿ ಸಿಕ್ಕಿ, ಮುಂದಿನ ಪರೀಕ್ಷೆಯಲ್ಲಿ ರೋಗಿಗಳ ಆಯುಸ್ಸಿನ ಬಗ್ಗೆ ಅನುಮಾನ ಎದ್ದು ಅಲ್ಲಿ ನಿಂತುಹೋಯಿತು.

ಮೂವರಿಗೆ ಹೇಳಿದ್ದು

ಎಂ.ಫಾರ್ಮ್ ಹುಡುಗಿಯದು ಹನ್ನೊಂದರ ನೆಟ್ಟನೆಯ ಸರಪಳಿ, ನಡುವೆ ಒಂದು ಆರ್ಜಿನಿನ್. ಅವಳಿಗೆ ಮೂರೇ ಪೆಪ್ಟೈಡ್ ಸಾಕೆಂದೆ: ಮೂಲದ್ದು, ತುದಿ ಮುಚ್ಚಿದ್ದು, ತುದಿ ಮುಚ್ಚಿ ಆರ್ಜಿನಿನನ್ನು ಡಿ ಮಾಡಿದ್ದು. ತಾನೇ ಕಟ್ಟುತ್ತೇನೆ ಎಂದಳು. ಕಟ್ಟಲಿ, ಕೈಗೆ ವಿದ್ಯೆ ಬರುತ್ತದೆ. ಪ್ರತಿ ಕಪ್ಲಿಂಗ್ ಆದ ಮೇಲೆ ನಾಲ್ಕು ಮಣಿ ತೆಗೆದು ನಿನ್‌ಹೈಡ್ರಿನ್ ಹಾಕಿ ಕಾಯಿಸಬೇಕು, ಮಣಿ ನೀಲಿಯಾದರೆ ಮತ್ತೆ ಕಪ್ಲಿಂಗ್. ಈ ನೀಲಿಯನ್ನು ಕಂಡೂ ಕಾಣದಂತೆ ಮುಂದೆ ಹೋದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದೆ: ಹೆಜ್ಜೆಗೆ 99ರಷ್ಟು ಇಳುವರಿ ಇದ್ದರೆ 20 ಹೆಜ್ಜೆಗೆ ನೂರಕ್ಕೆ 82 ಉಳಿಯುತ್ತದೆ, 95 ಇದ್ದರೆ 36. ಅವಳಿಗೆ ಅಷ್ಟು ಹೆಜ್ಜೆ ಇಲ್ಲ ಎಂಬುದೇ ಸಮಾಧಾನ. ಕೊಳ್ಳುವುದಾದರೆ ಶುದ್ಧತೆ 95 ಎಂದು ಕಾಗದದ ಮೇಲೆ ಇದ್ದರೂ ತೂಕದಲ್ಲಿ ತಯಾರಿಯಲ್ಲಿ ಬಳಸುವ ಟಿಎಫ್‌ಎ ಆಮ್ಲದ ಲವಣ ಮತ್ತು ನೀರು ಸೇರಿರುತ್ತದೆ. ಶೀಶೆಯೊಳಗಿನ ಒಂದು ಮಿಲಿಗ್ರಾಂನಲ್ಲಿ ಮುಕ್ಕಾಲು ಭಾಗವೇ ಪೆಪ್ಟೈಡ್ ಇರಬಹುದು. ನಿವ್ವಳ ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ, ಕೋಶಗಳಿಗೆ ಹಾಕುವುದಾದರೆ ಅಸಿಟೇಟ್ ಲವಣ ಕೇಳಿ. ಒಬ್ಬ ಸರಬರಾಜುದಾರ ನನಗೆ ಇದನ್ನು ಹೇಳದೆ ಕೊಟ್ಟಿದ್ದರಿಂದ ಒಂದು ಇಡೀ ಬೇಸಿಗೆಯ ಲೆಕ್ಕ ತಪ್ಪಿತ್ತು.

ಗದಗದ ಹುಡುಗನಿಗೆ ಐದರ ಉಂಗುರ, ಲೈಸಿನ್‌ಗೆ ವ್ಯಾಲೀನ್-ಸಿಟ್ರುಲಿನ್ ಕೊಂಡಿ, ತುದಿಗೆ ಡಾಕ್ಸೊರುಬಿಸಿನ್. ಬಾಲ ಬೇಡ ಎಂದೆ, ಗಡ್ಡೆಗೆ ಹೋಗದ ವಿಷ ದಿನಗಟ್ಟಲೆ ಸುತ್ತಿದರೆ ಹೃದಯಕ್ಕೆ ಕುತ್ತು. ಅವನು ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶದ ಮೇಲೆ ಮಾತ್ರ ಪರೀಕ್ಷಿಸಬೇಕೆಂದಿದ್ದ. ಅದರಲ್ಲಿ ಆ ಇಂಟಿಗ್ರಿನ್ ಕಡಿಮೆ, ಗುರಿ ಇಲ್ಲದ ಕೋಶದ ಮಾದರಿಯಾಗಿ ಇಟ್ಟುಕೊಂಡು, ಗುರಿ ಇರುವುದಕ್ಕೆ ಎಂಡಿಎ-ಎಂಬಿ-231 ತೆಗೆದುಕೊ ಎಂದೆ. ಕ್ರಮ ತಪ್ಪಿಸಿ ಬರೆದ, ಹಿಡಿತವಿಲ್ಲದ ಉಂಗುರವೊಂದೂ ಜೊತೆಗಿರಬೇಕು. “ಖರ್ಚ್ ಡಬಲ್ ಆಗ್ತೈತಲ್ರಿ ಸರ” ಎಂದ. ಆಗುತ್ತದೆ.

ಹಾವೇರಿಯವರಿಗೆ ಕೊಬ್ಬಿನ ಬಾಲ, ಕತ್ತರಿ ಬೀಳುವಲ್ಲಿ ಎಐಬಿ. ಉರಿಯೂತ ಇರುವ ಕೀಲಿನಲ್ಲಿ ರಕ್ತನಾಳ ಸೋರುತ್ತದೆ, ಆಲ್ಬುಮಿನ್ ಅಲ್ಲೇ ಹೋಗಿ ಸೇರಿಕೊಳ್ಳುತ್ತದೆ. ಆದ್ದರಿಂದ ಅವರ ಪಾಲಿಗೆ ಬಾಲ ಬಿರಡೆಯೂ ಹೌದು, ಗಾಡಿಯೂ ಹೌದು. ಅವರಿಗೆ ಇದು ಸೇರಲಿಲ್ಲ. “ಸೂಜಿ ಯಾರ್ ಚುಚ್ಚಿಸ್ಕೋತಾರ್ರೀ, ಗುಳಗಿ ಮಾಡೂಣು. ಸೈಕ್ಲೊಸ್ಪೋರಿನ್ ಗುಳಗಿ ಇಲ್ಲೇನು?” ಎಂದು ಪಟ್ಟು ಹಿಡಿದರು. ಇದೆ. ಹನ್ನೊಂದರ ಉಂಗುರ, ಅದರಲ್ಲಿ ಏಳು ಕಡೆ ಎನ್-ಮೀಥೈಲ್, ಶಿಲೀಂಧ್ರವೊಂದು ತಾನಾಗಿ ಮಾಡಿಕೊಂಡದ್ದು. ಅದನ್ನು ಮನುಷ್ಯರು ಬೇಕೆಂದಾಗ ಮಾಡುವುದು ಅಷ್ಟು ಸಲೀಸಲ್ಲ. ಸೆಮಾಗ್ಲುಟೈಡ್‌ಗೂ ಗುಳಿಗೆ ಇದೆ, 2019ರಿಂದ. ಜಠರದಲ್ಲಿ ದಾಟಿಸಲು ಎಸ್‌ಎನ್‌ಎಸಿ ಎಂಬ ಜೊತೆಗಾರ ಬೇಕು, ಹಾಗಿದ್ದೂ ರಕ್ತಕ್ಕೆ ಸೇರುವುದು ನೂರಕ್ಕೆ ಒಂದರಷ್ಟು. ಸೂಜಿಯಲ್ಲಿ ವಾರಕ್ಕೆ 1 ಮಿಲಿಗ್ರಾಂ ಕೊಡುತ್ತಾರೆ, ಗುಳಿಗೆಯಲ್ಲಿ ದಿನಕ್ಕೆ 14.

ಅವರು ಮೊಬೈಲ್ ತೆಗೆದು ಹದಿನಾಲ್ಕನ್ನು ಏಳರಿಂದ ಗುಣಿಸಿದರು. 98 ಬಂತು. ತಮ್ಮ ಪೆಪ್ಟೈಡಿನ ಗ್ರಾಂ ದರಕ್ಕೆ ಅದನ್ನು ಇನ್ನೊಮ್ಮೆ ಗುಣಿಸಿ ನೋಡಿ, ಮೊಬೈಲ್ ಕಿಸೆಗೆ ಹಾಕಿ, ಆರಿದ ಚಹಾ ಎತ್ತಿಕೊಂಡರು.

“ಸೂಜೀನ ಇರ್ಲಿ ಬಿಡ್ರಿ.”